ತಂಗಿಯ ಮಾತ್ರೆ ನಿಲ್ಲಿಸಿದವನು ನಾನು

ದಿನಕ್ಕೊಂದು ಮಾತ್ರೆ, ಒಂದಕ್ಕೆ ನಲವತ್ತೆರಡು ರೂಪಾಯಿ. ನಾಲ್ಕು ತಿಂಗಳ ಕಾಲ ಅದನ್ನು ಉಳಿಸಿದೆವು. ಆ ಉಳಿತಾಯಕ್ಕೆ ಎದುರಾಗಿ ಹತ್ತೊಂಬತ್ತು ದಿನದ ಆಸ್ಪತ್ರೆವಾಸ ಬಂತು, ನನ್ನ ಅಂಗಳದಲ್ಲಿದ್ದ ಒಳ್ಳೆಯ ತೇಗವೆಲ್ಲ ಕೇಳಿದ ಬೆಲೆಗೆ ಹೋಯಿತು. ಮರದ ಮಾತು ಬಿಡಿ, ಕೆಡವುವ ಮನೆಗಳಿಗೆ ಈ ಊರಿನಲ್ಲಿ ಬರವಿಲ್ಲ. ನಿಜವಾದ ಬೆಲೆ ತೆತ್ತವಳು ನನ್ನ ತಂಗಿ, ಅದೂ ತನ್ನ ಲಿವರಿನಲ್ಲಿ. ಮಾತ್ರೆ ನಿಲ್ಲಿಸು ಎಂದು ಅವಳಿಗೆ ಹೇಳಿದವನು ನಾನು. ಅವಳು ನನ್ನ ಸಲಹೆ ಕೇಳಿರಲೂ ಇಲ್ಲ.

ನನ್ನದು ಹಳೆಯ ಮರದ ವ್ಯಾಪಾರ. ಜಯನಗರ, ಬಸವನಗುಡಿ ಕಡೆ ಹಳೆಯ ಮನೆ ಕೆಡವಿ ಅಪಾರ್ಟ್‌ಮೆಂಟ್ ಏಳಿಸುವಾಗ ಬಾಗಿಲು, ಚೌಕಟ್ಟು, ಕಿಟಕಿ, ತೊಲೆ, ಕಂಬ ಎಲ್ಲವನ್ನೂ ಒಟ್ಟಿಗೆ ಮಾತಾಡಿ ಕೊಳ್ಳುತ್ತೇನೆ. ಇಟ್ಟಮಡುವಿನ ನನ್ನ ಅಂಗಳಕ್ಕೆ ತಂದು, ಮೊಳೆ ಕಿತ್ತು, ಎಣ್ಣೆ ಹಚ್ಚಿ, ಹೊಸ ಮನೆ ಕಟ್ಟುವವರಿಗೆ ಮಾರುತ್ತೇನೆ. ಹದಿನಾರನೆಯ ವಯಸ್ಸಿಗೆ ಇಂಥದ್ದೇ ಒಂದು ಅಂಗಳಕ್ಕೆ ಮೊಳೆ ಕೀಳುವ ಕೂಲಿಗೆ ಸೇರಿದವನು ನಾನು. ಚೌಕಾಸಿಯ ಗುಟ್ಟನ್ನು ಅಲ್ಲೇ ಕಲಿತೆ. ಬೆಲೆ ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಆ ಮೌನ ತಡೆಯಲಾರದೆ ಎದುರಿನವರು ಮಾತಾಡುತ್ತಾರೆ, ಮಾತಾಡಿದವರು ಇಳಿಯುತ್ತಾರೆ. ಹೀಗೆ ಬದುಕು ಕಟ್ಟಿಕೊಂಡವನಿಗೆ ಒಂದು ಚಟವೂ ಅಂಟಿಕೊಳ್ಳುತ್ತದೆ: ಕಂಡವರಿಗೆಲ್ಲ ಬುದ್ಧಿ ಹೇಳುವುದು. ಯಾವ ಸೈಟು ಕೊಳ್ಳಬೇಕು, ಮಗಳನ್ನು ಯಾವ ಕಾಲೇಜಿಗೆ ಸೇರಿಸಬೇಕು, ಗ್ಯಾಸ್ಟ್ರಿಕ್‌ಗೆ ಏನು ಕುಡಿಯಬೇಕು, ನಮ್ಮ ಬಳಗದಲ್ಲಿ ಯಾವುದೂ ನನ್ನ ಕಿವಿಗೆ ಬೀಳದೆ ತೀರ್ಮಾನವಾಗುತ್ತಿರಲಿಲ್ಲ.

ತಂಗಿ ನನಗಿಂತ ಎಂಟು ವರ್ಷ ಚಿಕ್ಕವಳು. ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಹೊಲಿಗೆಗೆ ಸೇರಿ, ನಲವತ್ತು ಹೆಂಗಸರ ಒಂದು ಸಾಲಿಗೆ ಸೂಪರ್‌ವೈಸರ್ ಆದವಳು. ಗಂಡ ಲಾರಿ ಓಡಿಸುತ್ತಾನೆ, ತಿಂಗಳಲ್ಲಿ ಇಪ್ಪತ್ತು ದಿನ ಊರಲ್ಲಿರುವುದಿಲ್ಲ. ಒಬ್ಬಳೇ ಮಗಳು, ಈಗ ಪಿಯುಸಿ ಓದುತ್ತಿದ್ದಾಳೆ. ಆ ಮಗಳು ಹೊಟ್ಟೆಯಲ್ಲಿದ್ದಾಗಲೇ ತಂಗಿಗೆ ಹೆಪಟೈಟಿಸ್ ಬಿ ಇದೆ ಎಂದು ಗೊತ್ತಾದದ್ದು. ಬಸುರಿಯರಿಗೆ ಮಾಡುವ ಮಾಮೂಲಿ ರಕ್ತಪರೀಕ್ಷೆಯಲ್ಲಿ ಸಿಕ್ಕಿಬಿತ್ತು. ಮಗು ಹುಟ್ಟಿದ ದಿನವೇ ಎರಡು ಚುಚ್ಚುಮದ್ದು ಕೊಟ್ಟರು, ಅದು ಪಾರಾಯಿತು. ಆಮೇಲೆ ನಮ್ಮೆಲ್ಲರ ರಕ್ತವನ್ನೂ ನೋಡಿದರು. ನನಗೂ ಯಾವಾಗಲೋ ಬಂದಿತ್ತಂತೆ. ಬಂದು, ನನಗೇ ತಿಳಿಯದ ಹಾಗೆ ಹೋಗಿತ್ತಂತೆ. ಅದು ಬಂದುಹೋದ ಗುರುತು ಮಾತ್ರ ರಕ್ತದಲ್ಲಿ ಉಳಿದಿತ್ತು.

ನಮ್ಮಮ್ಮ ಹೊಟ್ಟೆ ಊದಿಕೊಂಡು ಸತ್ತಳು. ಆಗ ಅದಕ್ಕೆ ಯಾರೂ ಹೆಸರು ಹೇಳಲಿಲ್ಲ, ನಾವೂ ಕೇಳಲಿಲ್ಲ. ನನಗೂ ತಂಗಿಗೂ ನಡುವೆ ಅಮ್ಮನಿಗೆ ಒಂದು ಗರ್ಭ ನಿಲ್ಲದೆ ಹೋಗಿ, ಬಹಳ ರಕ್ತ ಹೋಗಿ, ಯಾರದೋ ರಕ್ತ ಏರಿಸಿದ್ದರೆಂದು ಚಿಕ್ಕಮ್ಮ ಹೇಳಿದ್ದ ನೆನಪು. ಅಲ್ಲಿಂದ ಬಂತೋ ಏನೋ. ಅಮ್ಮನಿಂದ ತಂಗಿಗೆ, ಬಹುಶಃ ನನಗೂ.

ತಂಗಿಗೆ ಮೊದಲ ಕೆಲವು ವರ್ಷ ಬರೀ ಪರೀಕ್ಷೆಯೇ ಸಾಕಾಯಿತು. ಆಮೇಲೆ ಲಿವರಿನಲ್ಲಿ ಉರಿಯೂತ ಕಂಡು ಡಾಕ್ಟರು ಮಾತ್ರೆ ಶುರುಮಾಡಿದರು. ಅವಳು ಒಂದು ದಿನವೂ ತಪ್ಪಿಸಲಿಲ್ಲ. ಮಿಷನ್ನಿನ ಮುಂದೆ ಕೂತು ಬೆಳೆದವಳ ಶಿಸ್ತು ಅದು. ಅಂಥವಳ ಶಿಸ್ತನ್ನು ಒಂದು ಭಾನುವಾರ, ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ, ನಾನು ಮುರಿದೆ.

ಅವಳು ಬಂದಿದ್ದು ಮಗಳ ಕಾಲೇಜಿನ ವಿಷಯ ಮಾತಾಡಲು. ಚೀಲದಿಂದ ಕಾಲೇಜಿನ ಕಾಗದ ತೆಗೆಯುವಾಗ ಲ್ಯಾಬಿನ ವರದಿಯೂ ಜೊತೆಗೆ ಈಚೆ ಬಂತು. ಕನ್ನಡಕ ಹಾಕಿಕೊಂಡು ನಾನು ಅದನ್ನೇ ಮೊದಲು ಓದಿದೆ. ಕಾಗದ ಎಂದರೆ ನನಗೆ ಆಸೆ. ಯಾರ ಕ್ರಯಪತ್ರವಾದರೂ ಸರಿ, ಪೂರ್ತಿ ಓದದೆ ಕೆಳಗಿಡುವವನಲ್ಲ.

"ಏನಣ್ಣ, ಹಂಗ್ ನೋಡ್ತೀಯ? ಚೆನ್ನಾಗೇ ಬಂದಿದೆ."

"ನಾಟ್ ಡಿಟೆಕ್ಟೆಡ್ ಅಂತಿದೆಯಲ್ಲೇ."

"ಹ್ಞೂಂ. ವೈರಸ್ ಸಿಕ್ಕಿಲ್ಲ ಅಂತ. ಹೋದ್ಸಲಾನೂ ಸಿಕ್ಕಿಲ್ಲ, ಅದ್ರ್ ಹಿಂದಿನ್ ಸಲಾನೂ ಸಿಕ್ಕಿಲ್ಲ."

"ಮತ್ತೆ ಮಾತ್ರೆ ಯಾಕೆ?"

"ತಗೋತಾ ಇರಿ ಅಂತಾರೆ."

"ಎಲ್ಲೀವರ್ಗೂ?"

"ಅದ್ ಹೇಳಲ್ಲ ಅವ್ರು."

"ಹೆಂಗ್ ಹೇಳ್ತಾರೆ? ಕೆಲ್ಸ ಮುಗಿದ್ಮೇಲೂ ಕೂಲಿ ಕೊಡ್ತಿದ್ರೆ ಯಾವ್ ಮೇಸ್ತ್ರಿ ಬೇಡ ಅಂತಾನೆ ಹೇಳು?"

ಅವಳು ನಕ್ಕಳು. "ನಿನ್ ವ್ಯಾಪಾರದ್ ಬುದ್ಧಿ ಇಲ್ಲಿ ಬೇಡ ಕಣಣ್ಣ."

"ನೋಡು, ಮೂರ್ ಸಲ ಚೆಕ್ ಮಾಡಿದಾರೆ. ಮೂರ್ ಸಲಾನೂ ಇಲ್ಲ. ಇಲ್ದಿರೋದಕ್ಕೆ ಔಷಧಿ ಯಾಕ್ ನುಂಗ್ತೀಯ? ಆ ದುಡ್ಡು ಹುಡ್ಗೀ ಟ್ಯೂಷನ್ನಿಗಾದ್ರೂ ಆಗತ್ತೆ. ಬೇಕಾದ್ರೆ ಆರ್ ತಿಂಗಳ್ ಬಿಟ್ ನೋಡು. ಬಂದ್ರೆ ಮತ್ ಶುರು ಮಾಡಿದ್ರಾಯ್ತು."

ಅವಳು ವರದಿಯನ್ನು ಮಡಚಿ ಚೀಲಕ್ಕೆ ಹಾಕಿದಳು. "ಡಾಕ್ಟ್ರನ್ ಒಂದ್ ಮಾತು ಕೇಳ್ಲಾ?"

"ಕೇಳಿದ್ರೆ ಬೇಡ ಅಂತಾರಾ? ನಮ್ ಅಂಗ್ಡೀಗೆ ಬಂದು ತೇಗ ಬೇಕಾ ಹಲಸು ಸಾಕಾ ಅಂತ ನನ್ನೇ ಕೇಳಿದ್ರೆ, ನಾನ್ ಏನ್ ಹೇಳ್ತೀನಿ?"

"ತೇಗ ಅಂತೀಯ."

"ಅಷ್ಟೇ."

ಈ ಮಾತುಗಳನ್ನು ನಾನು ಇಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿರುವುದಕ್ಕೆ ಕಾರಣವಿದೆ. ಆಮೇಲೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಇವನ್ನೇ ಮತ್ತೆ ಮತ್ತೆ ಕೇಳಿಸಿಕೊಂಡಿದ್ದೇನೆ. ಅವಳ ಡಾಕ್ಟರನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ನೋಡದೆಯೇ ಅವರನ್ನು ವ್ಯಾಪಾರಿಯೆಂದು ತೀರ್ಮಾನಿಸಿದ್ದೆ, ಏಕೆಂದರೆ ನಾನು ವ್ಯಾಪಾರಿ.

ನಾಲ್ಕು ತಿಂಗಳು ಕಳೆಯಿತು. ಅಡುಗೆಮನೆಗೆ ಶೆಲ್ಫ್ ಮಾಡಿಸಲು ಹಲಗೆ ಬೇಕೆಂದು ಮಗಳನ್ನು ಕರೆದುಕೊಂಡು ತಂಗಿ ಅಂಗಳಕ್ಕೆ ಬಂದಳು. ಹಲಗೆಗಳ ಸಾಲಿನ ನಡುವೆ ನಿಂತು ಮಾತಾಡುತ್ತಿದ್ದವಳು ಒಂದು ಚೌಕಟ್ಟಿನ ಮೇಲೆ ಕೂತುಬಿಟ್ಟಳು. ಸುಸ್ತು ಎಂದಳು. ವಾರದಿಂದ ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸುತ್ತದೆ ಎಂದಳು. "ಶಿಪ್‌ಮೆಂಟ್ ಟೈಮು ಅಣ್ಣ, ಊಟ ತಿಂಡಿ ಒಂದೂ ಸರಿಯಾಗ್ ಆಗಲ್ಲ."

ಮರದ ಬಣ್ಣವನ್ನು ಶೆಡ್ಡಿನ ನೆರಳಿನಲ್ಲಿ ನೋಡಬಾರದು, ಬಿಸಿಲಿಗೆ ತಂದು ನೋಡಬೇಕು. ಅಭ್ಯಾಸಬಲದಿಂದಲೇ ಇರಬೇಕು, "ಈಚೆ ಬಿಸ್ಲಿಗೆ ಬಾ" ಎಂದೆ. ಬಂದಳು. ಕಣ್ಣಿನ ಬಿಳಿ ಬಿಳಿಯಾಗಿರಲಿಲ್ಲ, ಅರಿಸಿನದ ನೀರು ಬಿದ್ದ ಬಟ್ಟೆಯ ಹಾಗಿತ್ತು.

ನಾನು ಸೊಸೆಯೆಂದು ಕರೆಯುವ ಅವಳ ಮಗಳು ನನ್ನ ಮುಖ ನೋಡಿದಳು. "ಏನ್ ಮಾವ?"

"ಕಾಮಾಲೆ ಅನ್ಸತ್ತೆ."

ಪಕ್ಕದಲ್ಲಿ ಮೊಳೆ ಕೀಳುತ್ತಿದ್ದ ನಮ್ಮ ಹಳೆಯ ಆಳು ತಕ್ಷಣ ಸಲಹೆ ಕೊಟ್ಟ. ನನ್ನ ಅಂಗಳದಲ್ಲಿ ಸಲಹೆಗೆ ಬರವೇ? "ಅಕ್ಕಾ, ನಾಟಿ ಔಷಧಿ ಕೊಡೋರು ಇದಾರೆ. ಮೂರ್ ಭಾನುವಾರ ಬರೀ ಹೊಟ್ಟೇಲಿ ಕುಡೀರಿ, ಪತ್ಯ ಮಾಡಿ, ಸಖತ್ತಾಗ್ ಇಳಿಯತ್ತೆ."

ನಾನು ಹ್ಞೂಂ ಎನ್ನುವವನಿದ್ದೆ. ಹುಡುಗಿ ಬಿಡಲಿಲ್ಲ. "ಮೂರ್ ಭಾನುವಾರನಾ? ಅಮ್ಮಂಗಿರೋದು ಹೆಪಟೈಟಿಸ್ ಬಿ. ಮಾತ್ರೆ ನಿಲ್ಸಿ ನಾಲ್ಕ್ ತಿಂಗಳಾಗಿದೆ. ಮಾವ, ಇವತ್ತೇ ಹೋಗೋಣ. ಈಗ್ಲೇ." ಅವತ್ತು ನಮ್ಮವರಲ್ಲಿ ಬುದ್ಧಿಯಿದ್ದವಳು ಅವಳೊಬ್ಬಳೇ.

ಜಯನಗರದ ಒಂದು ಆಸ್ಪತ್ರೆಯಲ್ಲಿ ತಂಗಿಯನ್ನು ಮೊದಲಿನಿಂದ ನೋಡುತ್ತಿದ್ದ ಡಾಕ್ಟರಮ್ಮ ಇದ್ದರು. ಐವತ್ತು ದಾಟಿದವರು, ಮೆಲುಮಾತಿನವರು. ಕಣ್ಣು ನೋಡಿದರು, ಹೊಟ್ಟೆ ಮುಟ್ಟಿದರು, ಅದುರುತ್ತವೆಯೇ ಎಂದು ನೋಡಲು ತಂಗಿಗೆ ಎರಡೂ ಕೈ ಮುಂದೆ ಚಾಚಿ ಹಿಡಿಯಲು ಹೇಳಿದರು. ಆಮೇಲೆ ಕೇಳಿದರು: "ಮಾತ್ರೆ ತಗೋತಿದ್ದೀರಾ?"

"ಇಲ್ಲ ಮೇಡಂ. ನಿಲ್ಸಿದ್ದೆ."

"ಯಾರು ಹೇಳಿದ್ದು ನಿಲ್ಸೋಕೆ?"

ನಾನು ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ತಂಗಿ ನನ್ನ ಕಡೆ ತಿರುಗಲೂ ಇಲ್ಲ.

"ನಾನೇ ನಿಲ್ಸಿದೆ ಮೇಡಂ. ರಿಪೋರ್ಟ್ ಚೆನ್ನಾಗಿತ್ತಲ್ಲ."

ಡಾಕ್ಟರು ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ. ಮೂವತ್ತು ವರ್ಷ ನನಗೆ ಅನ್ನ ಹಾಕಿದ ಮೌನ ಅದು. ಆ ಕುರ್ಚಿಯಲ್ಲಿ ಅದು ಬರೀ ಹೇಡಿತನವಾಗಿತ್ತು, ಬೇರೆ ಹೆಸರಿಲ್ಲ.

ಅವತ್ತೇ ಅಡ್ಮಿಟ್ ಮಾಡಿಕೊಂಡರು. ಮಾತ್ರೆ ಮತ್ತೆ ಶುರುವಾಯಿತು. ಮರುದಿನ ಬೆಳಿಗ್ಗೆ ರಕ್ತದ ವರದಿಗಳು ಬಂದ ಮೇಲೆ ಡಾಕ್ಟರು ನನ್ನೊಬ್ಬನನ್ನೇ ಕೋಣೆಗೆ ಕರೆದರು. ಕೂರುವ ಮುಂಚೆ ಹೇಳಿಬಿಟ್ಟೆ: "ಮೇಡಂ, ನಿಲ್ಸಿದ್ದು ಅವಳಲ್ಲ. ನಾನ್ ನಿಲ್ಸಿದ್ದು."

"ಗೊತ್ತಾಯ್ತು," ಎಂದರು. "ಅವ್ರು 'ನಾನೇ' ಅಂದಾಗ ನೀವು ಗೋಡೆ ನೋಡ್ತಿದ್ರಿ. ಕೂತ್ಕೊಳ್ಳಿ."

ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಲಿವರಿನ ಉರಿಯೂತ ಹೇಳುವ ಅಂಕಿ ಎಷ್ಟೋ ಪಟ್ಟು ಏರಿದೆ, ಕಾಮಾಲೆ ಏರುತ್ತಿದೆ, ರಕ್ತ ಹೆಪ್ಪುಗಟ್ಟುವುದು ತಡವಾಗುತ್ತಿದೆ ಎಂದು ಒಂದೊಂದಾಗಿ ತೋರಿಸಿದರು. ಮೂರನೆಯದೇ ಭಯ ಎಂದರು. ಅದು ಹೀಗೇ ಏರುತ್ತ ಹೋದರೆ ಲಿವರ್ ಕೈಬಿಟ್ಟಿತೆಂದು ಅರ್ಥ. ಆಮೇಲೆ ಬೇರೆ ಲಿವರ್ ಹಾಕುವುದೊಂದೇ ದಾರಿ, ಅದಕ್ಕೂ ಸಮಯ ಸಿಕ್ಕಬೇಕು.

"ವೈರಸ್ಸು ಇಷ್ಟ್ ಬೇಗ ಲಿವರ್ ತಿಂದ್‌ಬಿಡ್ತಾ ಮೇಡಂ?"

"ವೈರಸ್ಸು ತಿನ್ನಲ್ಲ ಸಾರ್. ಅದು ಲಿವರ್ ಕೋಶದೊಳ್ಗೆ ಬಾಡಿಗೆಗಿರೋ ಹಾಗಿರತ್ತೆ, ಗಲಾಟೆ ಮಾಡಲ್ಲ. ಈಗ ಕೋಶಗಳ್ನ ಒಡೀತಿರೋರು ನಿಮ್ ತಂಗಿಯ ರಕ್ತದಲ್ಲೇ ಇರೋ ಕಾವಲಿನ ಕೋಶಗಳು."

"ನಮ್ಮೋರೇನಾ?"

"ನಿಮ್ಮೋರೇ."

ವರದಿಯೊಂದರ ಹಿಂಬದಿಯಲ್ಲಿ ಸುತ್ತುಗಳನ್ನು ಬರೆದರು, ಒಂದರಿಂದೊಂದಕ್ಕೆ ಗೆರೆ ಎಳೆದರು. ಈ ಕೋಶಗಳಿಗೆ ಬಾಯಿಲ್ಲ, ಕಿವಿಯಿಲ್ಲ. ಒಂದು ಕೋಶ ಒಂದು ರಾಸಾಯನಿಕವನ್ನು ಹೊರಬಿಡುತ್ತದೆ, ಇನ್ನೊಂದರ ಮೈಮೇಲೆ ಅದನ್ನು ಹಿಡಿಯುವ ಜಾಗವಿರುತ್ತದೆ. ಕಳ್ಳ ಬಂದ, ಓಡಿ ಬನ್ನಿ ಎನ್ನುವುದೂ ಹಾಗೆಯೇ, ಸಾಕು ನಿಲ್ಲಿಸಿ ಎನ್ನುವುದೂ ಹಾಗೆಯೇ. ಹುಟ್ಟುವಾಗಲೇ ಈ ವೈರಸ್ ಮೈಗೆ ಬಂದರೆ ಎಳೆಯ ಕಾವಲುಗಾರರು ಅದನ್ನು ಮನೆಯವನೇ ಎಂದುಕೊಳ್ಳುತ್ತಾರೆ. ಕೂಗು ಹೊರಡುವುದಿಲ್ಲ. ವರ್ಷಗಟ್ಟಲೆ ಅದನ್ನೇ ನೋಡಿ ನೋಡಿ ಅವರು ದಣಿದೂ ಹೋಗುತ್ತಾರೆ. ಮೈಮೇಲೆ ಬ್ರೇಕು ಹಾಕಿಕೊಂಡು ನಿಂತುಬಿಡುತ್ತಾರೆ. ಸ್ವಲ್ಪ ಬೆಳೆದ ಮೇಲೆ ವೈರಸ್ ಬಂದರೆ ಕಾವಲು ಬಲಿತಿರುತ್ತದೆ, ಗುರುತು ಹಿಡಿದು ಓಡಿಸುತ್ತದೆ.

"ನಿಮ್ಮಲ್ಲಿ ಅದೇ ಆಗಿರ್ಬೇಕು," ಎಂದರು. "ಅವ್ರಲ್ಲಿ ಆಗ್ಲಿಲ್ಲ."

ಒಂದೇ ತಾಯಿ, ಒಂದೇ ಮನೆ. ಎಂಟು ವರ್ಷ ಮುಂಚೆ ಹುಟ್ಟಿದ್ದೊಂದೇ ನಾನು ಮಾಡಿದ ಪುಣ್ಯ.

"ಮತ್ತೆ ಮೂರ್ ಸಲಾನೂ ಇಲ್ಲ ಅಂತ ಬಂತಲ್ಲ ಮೇಡಂ?"

"ರಕ್ತದಲ್ಲಿ ಕಾಣ್ತಿಲ್ಲ ಅಂತ ಬಂದಿದ್ದು. ಲಿವರ್ ಕೋಶದ ನಡುಮನೇಲಿ ಅದರ ಬೀಜ ಹಾಗೇ ಕೂತಿರತ್ತೆ, ಮಾತ್ರೆ ಅದನ್ನ ತೆಗಿಯಲ್ಲ. ಹೊಸ ವೈರಸ್ ತಯಾರಾಗ್ದಂಗೆ ತಡೀತಿರತ್ತೆ ಅಷ್ಟೇ. ಕೆಲವ್ರಿಗೆ ನಾವೇ ನಿಲ್ಸೋದೂ ಉಂಟು, ಆದ್ರೆ ಪರೀಕ್ಷೆ ಮಾಡಿ, ನಿಲ್ಸಿದ್ಮೇಲೂ ಮೇಲಿಂದ್ ಮೇಲೆ ರಕ್ತ ನೋಡ್ತಾ ಇರ್ತೀವಿ. ನೀವು ತಟ್ಟನೆ ತಡೆ ತೆಗೆದ್ರಿ. ವೈರಸ್ ಉಕ್ತು. ಇಷ್ಟ್ ವರ್ಷ ಸುಮ್ನಿದ್ದ ಕೋಶಗಳೆಲ್ಲ ಒಟ್ಟಿಗೆ ಕೂಗಾಡೋಕೆ ಶುರು ಮಾಡಿದ್ವು. ಈಗ ವೈರಸ್ ಇರೋ ಮನೆಗಳ್ನೆಲ್ಲ ಕೆಡವ್ತಾ ಇವೆ. ಮನೆ ಅಂದ್ರೆ ಲಿವರ್ರೇ ಅಲ್ವಾ?"

ಗೆದ್ದಲ ಮಣ್ಣನ್ನು ಒರೆಸಿ ಎಣ್ಣೆ ಹಚ್ಚಿದ ಬಾಗಿಲನ್ನು ನಾನು ಕೊಳ್ಳುವುದಿಲ್ಲ. ಹೊಸ್ತಿಲ ಬುಡದಲ್ಲಿ ದಬ್ಬಳ ಚುಚ್ಚಿ ನೋಡುತ್ತೇನೆ, ಗೋಡೆಯೊಳಗೆ ಎಲ್ಲಿಯವರೆಗೆ ಹೋಗಿದೆ ಎಂದು ಕೇಳುತ್ತೇನೆ. ಮೇಲೆ ಕಾಣದಿದ್ದರೆ ಇಲ್ಲವೆಂದಲ್ಲ ಎಂದು ಗಿರಾಕಿಗಳಿಗೆ ಪಾಠ ಹೇಳಿ ಹೇಳಿಯೇ ನಾನು ಹೆಸರು ಮಾಡಿದ್ದು. ತಂಗಿಯ ರಕ್ತದ ಕಾಗದ ಕೈಗೆ ಬಂದಾಗ ಮಾತ್ರ ಮೇಲಿನ ಪಾಲಿಶ್ ನೋಡಿ ವ್ಯಾಪಾರ ಮುಗಿಸಿದ್ದೆ.

"ನನ್ ಲಿವರ್ ತಗೊಳ್ಳಿ ಮೇಡಂ," ಎಂದೆ. "ಅರ್ಧ ಕೊಟ್ರೆ ಮತ್ತೆ ಬೆಳೆಯತ್ತಂತಲ್ಲ. ಇವತ್ತೇ ತಗೊಳ್ಳಿ."

"ಆ ಹಂತ ಬಂದಿಲ್ಲ. ಬಂದ್ರೂ ನಿಮಗೆ ಹಿಂದೆ ಬಂದ್‌ಹೋಗಿದೆ, ವಯಸ್ಸೂ ಆಗಿದೆ, ಎಲ್ಲಾ ನೋಡ್ಬೇಕು. ಮೊದ್ಲು ಐದ್ ದಿನ ಕಾಯೋಣ."

"ಮೂರ್ ದಿನ ಮಾಡಿ."

ಅವರು ಪೆನ್ನು ಕೆಳಗಿಟ್ಟರು. "ಸಾರ್, ಇಲ್ಲಿ ಚೌಕಾಸಿ ನಡಿಯಲ್ಲ."

ಕಾದೆವು. ಗುವಾಹಟಿ ಕಡೆ ಲೋಡ್ ಹಾಕಿಕೊಂಡು ಹೋಗಿದ್ದ ಭಾವ, ಲಾರಿಯನ್ನು ಅಲ್ಲೇ ಬೇರೊಬ್ಬ ಡ್ರೈವರ್‌ಗೆ ಒಪ್ಪಿಸಿ, ಸಿಕ್ಕ ರೈಲಿನಲ್ಲಿ ನಿಂತುಕೊಂಡೇ ಬಂದ. ಹೆಂಡತಿಯ ಕಾಲ ಬಳಿ ಕೂತು, ಹೊದಿಕೆಯ ಮೇಲೆ ಕೈ ಇಟ್ಟುಕೊಂಡು ನೋಡುತ್ತಿದ್ದ.

ಲಿವರ್ ಕೆಟ್ಟರೆ ಮೊದಲು ಮಬ್ಬು ಕವಿಯುವುದು ತಲೆಗೆ. ಹಾಗಾಗಿ ನರ್ಸು ದಿನಾ ಬೆಳಿಗ್ಗೆ ಬಂದು ತಂಗಿಯನ್ನು ಮಾತಾಡಿಸುತ್ತಿದ್ದಳು. ಹೆಸರೇನು, ಎಲ್ಲಿದೀರಿ, ಇವತ್ತು ಯಾವ ವಾರ. ಆ ಮೂರು ಪ್ರಶ್ನೆ ಮುಗಿಯುವ ತನಕ ನಾವು ಮೂವರೂ ಉಸಿರು ಹಿಡಿದುಕೊಂಡಿರುತ್ತಿದ್ದೆವು. ಆರನೆಯ ದಿನ "ಯಾವ ವಾರ ಅಕ್ಕ?" ಎಂದಾಗ ತಂಗಿ ಕಿಟಕಿಯ ಕಡೆ ನೋಡಿ, "ಶಿಪ್‌ಮೆಂಟ್ ವಾರ" ಎಂದಳು.

ನರ್ಸಿನ ಮುಖ ಬದಲಾಯಿತು. ಹುಡುಗಿ ನನ್ನ ಮುಂಗೈ ಹಿಡಿದುಕೊಂಡಳು.

"ಅಕ್ಕಾ, ಸರಿಯಾಗ್ ಹೇಳಿ. ಯಾವ ವಾರ?"

"ಗುರುವಾರ ಕಣಮ್ಮ. ನನ್ ಸಾಲಿನ ಮೂರ್ ಸಾವಿರ ಪೀಸ್ ಇವತ್ತು ಹೋಗ್ಬೇಕಿತ್ತು, ಅದ್ಕ್ ಹಂಗಂದೆ. ನಿಮ್ ಮುಖ ನೋಡು, ಎಲ್ರೂ ನನ್ನ ಈಗ್ಲೇ ಕಳ್ಸ್‌ಬಿಡ್ತೀರ."

ಹುಡುಗಿ ಅಳುತ್ತಲೇ ನಕ್ಕಳು. ಆ ದಿನದ ರಕ್ತದ ವರದಿಯಲ್ಲಿ ಭಯದ ಅಂಕಿ ಇನ್ನೂ ಮೇಲೆ ಹೋಗಿತ್ತು. ಡಾಕ್ಟರು ನನ್ನನ್ನೂ ಭಾವನನ್ನೂ ಕರೆದು, ಕಸಿ ಮಾಡುವ ಆಸ್ಪತ್ರೆಗೆ ಕಾಗದ ಕಳಿಸಿರುತ್ತೇನೆ, ತಯಾರಿಯಲ್ಲಿರಿ ಎಂದರು. ನಾನು ಅಂಗಳಕ್ಕೆ ಹೋಗಿ ತೇಗ ಮಾರಿದ್ದು ಅವತ್ತು. ಕೊಂಡವನು ಬೆಲೆ ಹೇಳಿ ಬಾಯಿ ಮುಚ್ಚಿಕೊಂಡು ನಿಂತ. ನಾನು ಮೊದಲು ಮಾತಾಡಿದೆ.

ಎಂಟನೆಯ ದಿನ ಮಧ್ಯಾಹ್ನ ಅವಳೂ ನಾನೂ ಇಬ್ಬರೇ ಇದ್ದೆವು. ಮೋಸಂಬಿ ಸುಲಿದು ಕೊಡುತ್ತಿದ್ದೆ, ಅವಳು ತಿನ್ನುತ್ತಿರಲಿಲ್ಲ.

"ಡಾಕ್ಟ್ರ ಹತ್ರ ಯಾಕ್ ಹಂಗ್ ಹೇಳ್ದೆ?" ಎಂದೆ. "ನಾನೇ ನಿಲ್ಸಿದೆ ಅಂತ."

"ನಲವತ್ತು ಜನದ್ ಲೈನ್ ನೋಡ್ಕೋತೀನಿ. ಹೊಲಿಗೆ ತಪ್ಪಾದ್ರೆ ನಂದೇ ಅಂತೀನಿ. ಅಭ್ಯಾಸ."

"ತಪ್ಪು ನಂದು."

"ನೀನ್ ಹೇಳ್ದೆ, ನಾನ್ ಕೇಳ್ದೆ. ಅಮ್ಮ ಹೋದಾಗಿಂದ ಕೇಳ್ಕೊಂಡೇ ಬಂದಿದೀನಿ. ಎಷ್ಟೋ ಸಲ ಒಳ್ಳೇದೂ ಆಗಿದೆ." ದಿಂಬಿಗೆ ಒರಗಿದಳು. "ಆದ್ರೆ ಕೆಲವು ಸಲ ನಂಗೊತ್ತಿಲ್ಲ ಅನ್ನೋದನ್ನೂ ಕಲಿ ಅಣ್ಣ. ಹೇಳೋಕೇನ್ ಖರ್ಚಿಲ್ಲ."

ನಾನು ಮೋಸಂಬಿಯ ನಾರು ಬಿಡಿಸುತ್ತ ಕೂತೆ.

ಒಂಬತ್ತನೆಯ ದಿನ ಅಂಕಿ ಏರಲಿಲ್ಲ. ಹತ್ತನೆಯ ದಿನವೂ ಅಲ್ಲೇ ನಿಂತಿತು. ಹನ್ನೊಂದನೆಯ ದಿನ ಒಂದು ಕೂದಲೆಳೆಯಷ್ಟು ಇಳಿಯಿತು. ಡಾಕ್ಟರು "ಇನ್ನೂ ಏನೂ ಹೇಳಲ್ಲ" ಎಂದರು, ಆದರೆ ಆ ದಿನ ಅವರು ಮೊದಲ ಸಲ ಹಾಸಿಗೆಯ ಅಂಚಿನಲ್ಲಿ ಕೂತರು. ಮಾತ್ರೆ ವೈರಸ್ಸನ್ನು ತಗ್ಗಿಸಿತ್ತು, ಕೂಗಾಟ ಅಡಗುತ್ತ ಬಂದಿತ್ತು. ಕೂಗು ಪೂರ್ತಿ ಅಡಗಿಸಲು ಬೇರೆ ಔಷಧಿಯೇ ಇಲ್ಲವೇ ಎಂದು ನಾನು ಕೇಳಿದೆ. ಇವೆ, ಆದರೆ ಕಾವಲೇ ಬಾಯಿ ಮುಚ್ಚಿದರೆ ಈ ವೈರಸ್ ಊರೆಲ್ಲ ತುಂಬಿಕೊಳ್ಳುತ್ತದೆ ಎಂದರು. ಕೂಗಬೇಕು, ಹದದಲ್ಲಿ ಕೂಗಬೇಕು. ಆ ಹದವನ್ನು ತರುವ ಔಷಧಿ ಇನ್ನೂ ಕೈಗೆ ಬಂದಿಲ್ಲವಂತೆ, ಹುಡುಕುತ್ತಿದ್ದಾರಂತೆ.

ಹತ್ತೊಂಬತ್ತನೆಯ ದಿನ ತಂಗಿ ಮನೆಗೆ ಬಂದಳು. ಆರು ತಿಂಗಳ ಮೇಲೆ ಲಿವರಿನ ಗಟ್ಟಿತನ ನೋಡುವ ಸ್ಕ್ಯಾನ್ ಮಾಡಿಸಿದಾಗ ಮುಂಚೆ ಇಲ್ಲದ ಕಲೆಗಳು ಇದ್ದವು. ಮೃದುವಾಗಿರಬೇಕಾದ ಜಾಗ ಗಟ್ಟಿಯಾಗಿದೆ. ಸ್ವಲ್ಪ ವಾಪಸ್ ಬರಬಹುದು, ಪೂರ್ತಿ ಬರುತ್ತದೆಂದು ಯಾರೂ ಹೇಳಲಿಲ್ಲ. ಇನ್ನು ಆರಾರು ತಿಂಗಳಿಗೆ ಗಂಟೇನಾದರೂ ಕಾಣುತ್ತದೆಯೇ ಎಂದು ನೋಡಿಸುತ್ತಿರಬೇಕು. ಸೂಪರ್‌ವೈಸರ್ ಕೆಲಸ ಬಿಟ್ಟಳು. ದಿನವಿಡೀ ನಿಂತು ಓಡಾಡಲು ಆಗುವುದಿಲ್ಲ. ಅದೇ ಗಾರ್ಮೆಂಟ್ಸಿನಲ್ಲಿ ಕೂತು ಬಟ್ಟೆ ಪರೀಕ್ಷಿಸುವ ಮೇಜಿಗೆ ಹಾಕಿದ್ದಾರೆ. ಅವಳ ಸಾಲನ್ನು ಈಗ ಅವಳೇ ಕೆಲಸ ಕಲಿಸಿದ ಹುಡುಗಿ ನೋಡಿಕೊಳ್ಳುತ್ತಾಳೆ.

ಇನ್ನೊಂದು ವಿಷಯ ಬರೆಯಲು ಕೈ ಬರುವುದಿಲ್ಲ, ಬರೆಯದಿದ್ದರೆ ನಿಮಗೆ ಮೋಸ. ವಾರ್ಡಿನಲ್ಲಿ ಪಕ್ಕದ ಹಾಸಿಗೆಯ ಹೆಂಗಸೊಬ್ಬರು ತಂಗಿಯ ಮಗಳಿಗೆ ಹೇಳಿದರಂತೆ: ಈ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ ಕೊಡುತ್ತಾರೆ. ಹೋಗಿ ವಿಚಾರಿಸಿದೆವು, ನಿಜ. ಹೆಸರು ಬರೆಸಿ, ಪರೀಕ್ಷೆ ಮಾಡಿಸಿದರೆ ಕೊಡುತ್ತಾರೆ. ಹತ್ತು ರೂಪಾಯಿಗೆ ಅರ್ಧ ಗಂಟೆ ವಾದ ಮಾಡುವ ನಾನು, ಇದು ಕಡಿಮೆಗೆ ಎಲ್ಲಿ ಸಿಗುತ್ತದೆ ಎಂದು ಒಂದು ಸಲವೂ ಕೇಳಿರಲಿಲ್ಲ. ನಿಲ್ಲಿಸುವುದೇ ನನಗೆ ಸುಲಭದ ಚೌಕಾಸಿಯಾಗಿ ಕಂಡಿತ್ತು.

ಕಳೆದ ವರ್ಷ ಆ ಡಾಕ್ಟರು ಫೋನ್ ಮಾಡಿದ್ದರು. ಒಂದು ಸಂಶೋಧನೆಗೆ ಅಣ್ಣ ತಂಗಿ ಇಬ್ಬರ ರಕ್ತವೂ ಬೇಕಂತೆ, ವೈರಸ್ಸನ್ನು ಓಡಿಸಿದ ಮೈಯಲ್ಲಿ ಕೋಶಗಳು ಹೇಗೆ ಮಾತಾಡುತ್ತವೆ, ಓಡಿಸಲಾಗದ ಮೈಯಲ್ಲಿ ಹೇಗೆ ಎಂದು ಹೋಲಿಸಿ ನೋಡಲು. ಹೋದೆವು. ಲ್ಯಾಬಿನ ಯುವತಿ ಫಾರಂ ಕೊಟ್ಟಳು.

"ನಮಗೇನ್ ಸಿಗತ್ತಮ್ಮ ಇದ್ರಿಂದ?" ಎಂದೆ. ಬಾಯಿ ಸುಮ್ಮನಿರುವುದಿಲ್ಲ.

"ಸದ್ಯಕ್ಕೇನೂ ಇಲ್ಲ ಅಂಕಲ್. ಬಸ್ ಚಾರ್ಜು, ಕಾಫಿ, ಬಿಸ್ಕತ್ತು."

"ಫಾರಂ ಕನ್ನಡದಲ್ಲಿ ಕೊಡಿ, ಸೈನ್ ಹಾಕ್ತೀನಿ."

ಕನ್ನಡದ್ದೂ ಇತ್ತು. ಪೂರ್ತಿ ಓದಿ ಸಹಿ ಹಾಕಿದೆ. ನನ್ನ ರಕ್ತದಲ್ಲಿ ಈ ವೈರಸ್ಸಿನ ಗುರುತು ನೆನಪಿಟ್ಟುಕೊಂಡ ಕೋಶಗಳು ಈಗಲೂ ಇವೆಯಂತೆ. ಅವನ್ನು ತೆಗೆದು ತಂಗಿಗೆ ಹಾಕಲು ಆಗುವುದಿಲ್ಲವೇ ಎಂದು ಕೇಳಿದೆ. ಅಷ್ಟು ಸುಲಭವಿಲ್ಲ ಅಂಕಲ್, ಅದಕ್ಕೇ ಈ ಕೆಲಸ ಮಾಡುತ್ತಿರುವುದು ಎಂದಳು. ತಂಗಿ ತೋಳಿಗೆ ಹತ್ತಿ ಒತ್ತಿಕೊಂಡು ಪಕ್ಕದಲ್ಲಿ ಕೂತಿದ್ದಳು. "ನಮ್ಮಣ್ಣನ್ ಕೋಶ ಬೇಡಮ್ಮ," ಎಂದಳು, "ಒಳಗ್ ಹೋಗಿ ಎಲ್ಲಾ ಕೋಶಕ್ಕೂ ಬುದ್ಧಿ ಹೇಳೋಕ್ ಶುರು ಮಾಡ್ತವೆ."

ಈಗಲೂ ಜನ ನನ್ನನ್ನು ಕೇಳುತ್ತಾರೆ, ನಾನು ಈಗಲೂ ಹೇಳುತ್ತೇನೆ. ಹೇಳುವುದನ್ನು ನಿಲ್ಲಿಸಿಲ್ಲ, ಗೊತ್ತಿರುವುದನ್ನಷ್ಟೇ ಹೇಳುತ್ತೇನೆ. ಹೆಪಟೈಟಿಸ್ ಬಿ ಪರೀಕ್ಷೆಯನ್ನು ನೀವು ಮಾಡಿಸಿಲ್ಲದಿದ್ದರೆ ಒಮ್ಮೆ ಮಾಡಿಸಿ. ಮನೆಯಲ್ಲಿ ಯಾರಾದರೂ ಲಿವರಿನ ಕಾಯಿಲೆಯಿಂದ ಹೋಗಿದ್ದರೆ, ಯಾರಿಗಾದರೂ ಇದು ಇದೆಯೆಂದು ಗೊತ್ತಿದ್ದರೆ ತಡಮಾಡಬೇಡಿ, ಒಡಹುಟ್ಟಿದವರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗಿ. ಇಲ್ಲ ಎಂದು ಬಂದವರಿಗೆ ಲಸಿಕೆ ಬೇಕೇ ಎಂದು ಅಲ್ಲೇ ಕೇಳಿ. ಇದೆ ಎಂದು ಬಂದವರ ತಟ್ಟೆ ಲೋಟ ಬೇರೆ ಇಡುವ ಮೂರ್ಖತನ ಮಾಡಬೇಡಿ, ಜೊತೆಗೆ ಉಂಡರೆ ಬರುವ ರೋಗವಲ್ಲ ಇದು. ಬ್ಲೇಡು, ಟೂತ್‌ಬ್ರಶ್ಶು ಮಾತ್ರ ಅವರವರದ್ದು ಅವರವರಿಗೆ. ಬಸುರಿಯಾದವಳಿಗೆ ಇದ್ದರೆ, ಹೆರಿಗೆ ಎಲ್ಲಿ ಮಾಡಿಸುತ್ತೀರೋ ಅಲ್ಲಿಗೆ ಮೊದಲೇ ತಿಳಿಸಿ. ಮಗುವಿಗೆ ಚುಚ್ಚುಮದ್ದು ಹುಟ್ಟಿದ ದಿನವೇ ಬೀಳಬೇಕು.

ಮಾತ್ರೆ ಶುರುವಾಗಿದ್ದರೆ, ವರದಿಯಲ್ಲಿ ವೈರಸ್ ಕಾಣುತ್ತಿಲ್ಲ ಎಂದು ಬಂದ ದಿನವೂ ನುಂಗಿ. ಆ ವರದಿ ಮಾತ್ರೆ ಕೆಲಸ ಮಾಡುತ್ತಿದೆ ಎನ್ನುವುದರ ರಸೀದಿ. ಹಣ ಭಾರವಾದರೆ ಡಾಕ್ಟರಿಗೆ ನಾಚದೆ ಹೇಳಿ, ಸರ್ಕಾರಿ ಆಸ್ಪತ್ರೆಯಲ್ಲಿ ಈ ಕಾಯಿಲೆಗೆ ಉಚಿತ ಔಷಧಿ ಎಲ್ಲಿ ಕೊಡುತ್ತಾರೆ ಎಂದು ವಿಚಾರಿಸಿ. ಕೀಲುನೋವಿಗೋ ಚರ್ಮಕ್ಕೋ ಕ್ಯಾನ್ಸರಿಗೋ ಬೇರೆ ಡಾಕ್ಟರು ಹೊಸ ಔಷಧಿ ಬರೆದರೆ, ಬರೆಯುವ ಮುಂಚೆಯೇ ನಿಮಗೆ ಇದು ಇದೆಯೆಂದೋ, ನನ್ನ ಹಾಗೆ ಬಂದುಹೋಗಿದೆಯೆಂದೋ ಹೇಳಿಬಿಡಿ. ಕಾವಲನ್ನು ಮಲಗಿಸುವ ಔಷಧಿಗಳಿವೆ, ಮಲಗಿದರೆ ಇದು ಏಳಬಹುದು. ಕಣ್ಣು ಹಳದಿಯಾದರೆ ಯಾರ ಮನೆಯ ಕಷಾಯಕ್ಕೂ ಕಾಯಬೇಡಿ. ಹೋಗುವಾಗ ಹಳೆಯ ವರದಿಗಳನ್ನೆಲ್ಲ ಒಂದೇ ಫೈಲಿನಲ್ಲಿ ಹಾಕಿಕೊಂಡು, ನುಂಗುವ ಮಾತ್ರೆಯ ಖಾಲಿ ಸ್ಟ್ರಿಪ್ಪನ್ನೂ ಜೊತೆಗಿಟ್ಟುಕೊಂಡು ಹೋಗಿ. ಪರೀಕ್ಷೆಗೆ ರಕ್ತ ಕೊಡುವ ಕಡೆ ಬೆಳಿಗ್ಗೆ ಎಂಟೂವರೆಯೊಳಗೆ ಇರಿ, ಆಮೇಲೆ ಸಾಲು ಬೆಳೆಯುತ್ತದೆ.